ಲಂಡನ್ನಿನ ಆಪ್ಸ್ಲಿ ಹೌಸ್: ಶ್ರೀರಂಗಪಟ್ಟಣದವರು ನೋಡಲೇಬೇಕಾದ ಮನೆ

ಲಂಡನ್ನಿನ ಹೈಡ್ ಪಾರ್ಕ್ ಕಾರ್ನರ್‌ನಲ್ಲಿ ಟ್ಯೂಬ್ ರೈಲು ಇಳಿದು ಮೇಲೆ ಬಂದರೆ ಪಕ್ಕದಲ್ಲೇ ಈ ಮನೆ ಸಿಗುತ್ತದೆ. ಎದುರಿಗೆ ದೊಡ್ಡ ಕಂಬಗಳು, ಸುತ್ತ ಬಸ್ಸುಗಳ ಗದ್ದಲ. ಜಾಸ್ತಿ ಜನ ನಿಲ್ಲುವುದೇ ಇಲ್ಲ, ನೇರ ಬಕಿಂಗ್‌ಹ್ಯಾಮ್ ಅರಮನೆ ಕಡೆ ಹೋಗಿಬಿಡುತ್ತಾರೆ. ನಮ್ಮ ಮನೆಗೆ ಊರಿನಿಂದ ಯಾರೇ ಬಂದರೂ ನಾನು ಮೊದಲು ಕರೆದುಕೊಂಡು ಹೋಗುವುದು ಇಲ್ಲಿಗೆ. ಯಾಕೆಂದರೆ ಇದು ಆರ್ಥರ್ ವೆಲ್ಲೆಸ್ಲಿಯ ಮನೆ. ಜಗತ್ತಿಗೆ ಅವನು 1815ರ ವಾಟರ್‌ಲೂ ಯುದ್ಧದಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ವೆಲ್ಲಿಂಗ್ಟನ್ ಡ್ಯೂಕ್. ಶ್ರೀರಂಗಪಟ್ಟಣದ ಗಂಜಾಮ್‌ನಲ್ಲಿ ಬೆಳೆದ ನನಗೆ 1799ರಲ್ಲಿ ನಮ್ಮ ಕೋಟೆಯ ಮೇಲೆ ಬಂದ ಸೇನೆಯ ಕರ್ನಲ್.

ಈ ಸಲ ಮಾವ ಜೊತೆಗಿದ್ದರು. ಮಂಡ್ಯದಲ್ಲಿ ಹೈಸ್ಕೂಲ್ ಮೇಷ್ಟ್ರಾಗಿದ್ದವರು. ಮೆಟ್ಟಿಲ ಬುಡದಲ್ಲಿ ನಿಂತ ನೆಪೋಲಿಯನ್ನನ ಅಮೃತಶಿಲೆಯ ವಿಗ್ರಹ ನೋಡಿ, "ಇದೇನಮ್ಮಾ, ಸೋತವನು ಗೆದ್ದವನ ಮನೇಲಿ ಇಷ್ಟೆತ್ತರ ನಿಂತಿದ್ದಾನೆ?" ಅಂದರು. ಹತ್ತಿರ ಹತ್ತಿರ ಮೂರೂವರೆ ಮೀಟರ್ ಎತ್ತರ, ಕನೋವಾ ಎಂಬ ಇಟಲಿಯ ಶಿಲ್ಪಿಯ ಕೆಲಸ. ಮೈಮೇಲೆ ಬಟ್ಟೆ ಇಲ್ಲದ ಈ ವಿಗ್ರಹ ನೆಪೋಲಿಯನ್ನನಿಗೇ ಹಿಡಿಸಲಿಲ್ಲ, ಒಳಗೆ ಮುಚ್ಚಿಡಿಸಿದ್ದ. ಅವನು ಸೋತ ಮೇಲೆ ಬ್ರಿಟಿಷ್ ಸರ್ಕಾರ ಕೊಂಡುಕೊಂಡಿತು, ಅಲ್ಲಿಂದ ವೆಲ್ಲಿಂಗ್ಟನ್ ಕೈಗೆ ಬಂತು.

ಮನೆ ಅರ್ಥವಾಗಬೇಕಾದರೆ ಯುದ್ಧಕ್ಕಿಂತ ಮೊದಲು ಆ ಕುಟುಂಬದ ಕತೆ ಗೊತ್ತಿರಬೇಕು. ಇವರು ಐರ್ಲೆಂಡಿನಲ್ಲಿ ನೆಲೆಸಿದ್ದ ಪ್ರಾಟೆಸ್ಟೆಂಟ್ ಜಮೀನ್ದಾರರು. ಮೀತ್ ಕೌಂಟಿಯ ಡಂಗನ್‌ನಲ್ಲಿ ಬಂಗಲೆ, ಡಬ್ಲಿನ್‌ನಲ್ಲಿ ಇನ್ನೊಂದು ಮನೆ. ಅಪ್ಪ ಮಾರ್ನಿಂಗ್ಟನ್ ಅರ್ಲ್ ಸಂಗೀತಗಾರ, ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನ ಮೊದಲ ಸಂಗೀತ ಪ್ರೊಫೆಸರ್. ಅವನು 1781ರಲ್ಲಿ ತೀರಿಕೊಂಡಾಗ ಸಂಸಾರಕ್ಕೆ ದುಡ್ಡಿನ ತಾಪತ್ರಯ. 1769ರಲ್ಲಿ ಹುಟ್ಟಿದ ಆರ್ಥರ್ ಓದಿನಲ್ಲಿ ಹಿಂದೆ, ಪಿಟೀಲಿನಲ್ಲಿ ಮುಂದೆ. ಇವನನ್ನು ಏನು ಮಾಡೋದು ಅಂತ ತಾಯಿಗೇ ಚಿಂತೆ. ಕೊನೆಗೆ ಸೈನ್ಯಕ್ಕೆ ಹಾಕಿದರು. ಆಗ ಅಲ್ಲಿ ಅಧಿಕಾರಿಯ ಹುದ್ದೆಯನ್ನು ದುಡ್ಡು ಕೊಟ್ಟು ಕೊಳ್ಳಬೇಕಿತ್ತು. ಸಾಲ ಕೊಟ್ಟವನು ಅಣ್ಣ ರಿಚರ್ಡ್.

ಲಾಂಗ್‌ಫರ್ಡ್ ಮನೆತನದ ಕಿಟ್ಟಿ ಪ್ಯಾಕನಮ್‌ಳನ್ನು ಅವನು ಕೇಳಿದಾಗ, ಇವನಿಗೆ ಏನಿದೆ ಅಂತ ಅವಳ ಅಣ್ಣ ಹೆಣ್ಣು ಕೊಡಲಿಲ್ಲ. ಪಿಟೀಲನ್ನು ಬೆಂಕಿಗೆ ಹಾಕಿ, ಇನ್ನು ಸಿಪಾಯಿಗಿರಿಯೊಂದೇ ಸಾಕು ಎಂದುಕೊಂಡದ್ದೂ ಆ ಸುಮಾರಿಗೇ. 1797ರಲ್ಲಿ ಕಲ್ಕತ್ತಾಕ್ಕೆ ಬಂದ. ಮರುವರ್ಷ ಅಣ್ಣ ರಿಚರ್ಡ್ ಗವರ್ನರ್ ಜನರಲ್ ಆಗಿ ಬಂದ. ಅದರ ಮುಂದಿನ ವರ್ಷ ಶ್ರೀರಂಗಪಟ್ಟಣ.

ಸುಲ್ತಾನ್‌ಪೇಟೆ ತೋಪಿನಲ್ಲಿ ರಾತ್ರಿ ದಾಳಿ ಮಾಡಲು ಹೋಗಿ ಆರ್ಥರ್ ಕತ್ತಲಲ್ಲಿ ದಾರಿ ತಪ್ಪಿ ಸೋತು ಬಂದದ್ದನ್ನು ಮಾವ ಇಲ್ಲಿ ನಿಂತೇ ನನಗೆ ಹೇಳಿದರು. ಮೇ 4ರಂದು ಕೋಟೆಗೆ ನುಗ್ಗಿದ ಪಡೆಯ ಮುಂದಾಳು ಡೇವಿಡ್ ಬೇರ್ಡ್, ಹಿಂದೆ ಅದೇ ಪಟ್ಟಣದಲ್ಲಿ ವರ್ಷಗಟ್ಟಲೆ ಸೆರೆಯಲ್ಲಿದ್ದವನು. ಆದರೆ ಊರಿನ ಅಧಿಕಾರ ಸಿಕ್ಕಿದ್ದು ಗವರ್ನರ್ ಜನರಲ್‌ನ ತಮ್ಮನಿಗೆ. ಬೇರ್ಡ್‌ಗೆ ಹೊಟ್ಟೆ ಉರಿಯದೆ ಇರುತ್ತದೆಯೇ? ಆಮೇಲೆ ಆರ್ಥರ್ ಇದ್ದದ್ದು ನಮ್ಮ ದರಿಯಾ ದೌಲತ್‌ನಲ್ಲಿ. ಬ್ರಿಟಿಷರ ವಿರುದ್ಧ ದಂಗೆ ಎದ್ದ ಚನ್ನಗಿರಿ ಕಡೆಯ ಧೋಂಡಿಯಾ ವಾಘನನ್ನು ಬೆನ್ನಟ್ಟಿ 1800ರಲ್ಲಿ ಕೊಂದವನೂ ಇವನೇ, ಸತ್ತವನ ಪುಟ್ಟ ಮಗ ಸಲಾಬತ್ ಖಾನ್‌ನ ಪಾಲನೆಗೆ ದುಡ್ಡು ಇಟ್ಟವನೂ ಇವನೇ. ಎರಡನ್ನೂ ನೆನಪಿಟ್ಟುಕೊಂಡು ನೋಡಬೇಕಾದ ಮನುಷ್ಯ.

ನೆಲಮಹಡಿಯಲ್ಲಿ ಬೆಳ್ಳಿ, ಪಿಂಗಾಣಿ ಇಟ್ಟಿರುವ ಕೋಣೆ ಇದೆ. ಅಲ್ಲಿ ದಖ್ಖನಿನ ಸೇನೆಯ ಅಧಿಕಾರಿಗಳು ಅವನಿಗೆ ಕೊಟ್ಟ ಊಟದ ಪಾತ್ರೆಗಳನ್ನು ತಪ್ಪದೇ ನೋಡಿ. ಬೆಳ್ಳಿಯ ಮೇಲೆ ಚಿನ್ನದ ಲೇಪ. ಮರಾಠರ ಮೇಲಿನ 1803ರ ದಖ್ಖನ್ ದಂಡಯಾತ್ರೆಯ ನೆನಪಿಗೆ ಕೊಟ್ಟದ್ದು. ವಾಟರ್‌ಲೂಗಿಂತ ಮೊದಲೇ ಈ ಮನುಷ್ಯ ದುಡ್ಡು, ಹೆಸರು ಎರಡನ್ನೂ ಮಾಡಿದ್ದು ನಮ್ಮ ಕಡೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ, ಅಲ್ವಾ? 1805ರಲ್ಲಿ ವಾಪಸ್ ಹೋದಾಗ ಅವನ ಕೈಯಲ್ಲಿ ಸುಮಾರು 42,000 ಪೌಂಡ್ ಇತ್ತು. ಮುಂದಿನ ವರ್ಷವೇ ಕಿಟ್ಟಿ ಜೊತೆ ಮದುವೆ. ನಡುವೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಇಬ್ಬರೂ ಮುಖ ನೋಡಿರಲಿಲ್ಲ. ಮದುವೆ ಮಾಡಿಸಿದ ಪಾದ್ರಿ ಅವನ ಸ್ವಂತ ತಮ್ಮ ಜೆರಾಲ್ಡ್. ಇಬ್ಬರು ಗಂಡುಮಕ್ಕಳಾದರು, ಸಂಸಾರ ಮಾತ್ರ ಹೊಂದಲಿಲ್ಲ.

ಈ ಮನೆಯನ್ನು ಮೊದಲು ಕೊಂಡಿದ್ದವನು ಅಣ್ಣ ರಿಚರ್ಡ್. ಅವನು ಸಾಲಕ್ಕೆ ಸಿಕ್ಕಿಕೊಂಡಾಗ 1817ರಲ್ಲಿ ಆರ್ಥರ್ ಕೊಂಡುಕೊಂಡ. ಸಾಲ ಕೊಟ್ಟ ಅಣ್ಣನ ಮನೆ ಸಾಲ ಪಡೆದ ತಮ್ಮನ ಪಾಲಾಯಿತು. ಮೇಲಿನ ವಾಟರ್‌ಲೂ ಗ್ಯಾಲರಿ ತಮ್ಮ ಕಟ್ಟಿಸಿದ್ದು. ಸುಮಾರು 28 ಮೀಟರ್ ಉದ್ದ, ಕಿಟಕಿಗಳಿಗೆ ಜಾರುವ ಕನ್ನಡಿ ಬಾಗಿಲು, ರಾತ್ರಿ ಎಳೆದರೆ ದೀಪದ ಬೆಳಕೆಲ್ಲ ಒಳಗೇ ತಿರುಗುತ್ತದೆ. ಪ್ರತಿ ವರ್ಷ ಜೂನ್ 18ಕ್ಕೆ ವಾಟರ್‌ಲೂನಲ್ಲಿ ಜೊತೆಗಿದ್ದ ಅಧಿಕಾರಿಗಳಿಗೆ ಇಲ್ಲೇ ಔತಣ.

ಅಲ್ಲಿನ ಚಿತ್ರಗಳಲ್ಲಿ ನನಗೆ ಇಷ್ಟವಾದದ್ದು ವೆಲಾಸ್ಕೆಸ್ ಬರೆದ ಸೆವಿಲ್ ಊರಿನ ನೀರು ಮಾರುವವನು. ಹತ್ತಿರ ಹೋಗಿ ನೋಡಿ. ಮುಂದಿರುವ ದೊಡ್ಡ ಮಣ್ಣಿನ ಹೂಜಿಯ ಹೊರಮೈ ಬೆವರಿದೆ, ಒಂದೆರಡು ಹನಿ ಕೆಳಗೆ ಜಾರುತ್ತಿದೆ. ಗಾಜಿನ ಲೋಟದ ತಳದಲ್ಲಿ ನೀರಿಗೆ ಪರಿಮಳ ಬರಲೆಂದು ಹಾಕಿದ ಅಂಜೂರ. ಬೇಸಿಗೆಯಲ್ಲಿ ಅಜ್ಜಿ ಮನೆಯ ಹೂಜಿ ಹೀಗೇ ಇರುತ್ತಿತ್ತು. 1813ರಲ್ಲಿ ಆರ್ಥರ್ ಗೆದ್ದ ಸ್ಪೇನಿನ ವಿಟೋರಿಯಾ ಯುದ್ಧದಲ್ಲಿ ನೆಪೋಲಿಯನ್ನನ ಅಣ್ಣ ಜೋಸೆಫ್ ಬಿಟ್ಟು ಓಡಿದ ಸಾಮಾನಿನಲ್ಲಿ ಸಿಕ್ಕ ಚಿತ್ರಗಳಲ್ಲಿ ಇದೂ ಒಂದು. ಆರ್ಥರ್ ವಾಪಸ್ ಕೊಡುತ್ತೇನೆ ಅಂದರೂ ಸ್ಪೇನಿನ ರಾಜ, ನೀವೇ ಇಟ್ಟುಕೊಳ್ಳಿ ಅಂದನಂತೆ.

ಕಿಟ್ಟಿ ಸತ್ತದ್ದೂ ಈ ಮನೆಯಲ್ಲೇ, 1831ರ ಏಪ್ರಿಲ್‌ನಲ್ಲಿ. ಹಾಸಿಗೆ ಹಿಡಿದವಳು ಗಂಡನ ತೋಳಿನೊಳಗೆ ಬೆರಳು ತೂರಿಸಿ, ತಾನು ಹಿಂದೆ ಕೊಟ್ಟಿದ್ದ ತಾಯಿತ ಇನ್ನೂ ಇದೆಯೇ ಅಂತ ತಡಕಿದಳಂತೆ. ಇತ್ತು. ಇಪ್ಪತ್ತು ವರ್ಷದಲ್ಲಿ ಯಾವತ್ತು ಹುಡುಕಿದ್ದರೂ ಸಿಗುತ್ತಿತ್ತು ಎಂದು ಅವನು ಆಮೇಲೆ ಹೇಳಿದ್ದನಂತೆ. ಎಷ್ಟು ಓದಿದರೂ ನನಗೆ ಈ ಮಾತಿಗೆ ಅವನ ಮೇಲೆ ಸಿಟ್ಟೇ ಬರುತ್ತದೆ. ಅವಳ ಹೆಣ ಇನ್ನೂ ಮನೆಯಲ್ಲಿದ್ದಾಗಲೇ, ಅವನು ವಿರೋಧಿಸುತ್ತಿದ್ದ ಪಾರ್ಲಿಮೆಂಟ್ ಸುಧಾರಣೆ ಬೇಕೆಂದ ಜನ ಬಂದು ಕಲ್ಲೆಸೆದು ಕಿಟಕಿ ಗಾಜು ಒಡೆದರು. ಆಮೇಲೆ ಕಿಟಕಿಗಳಿಗೆ ಕಬ್ಬಿಣದ ಬಾಗಿಲು ಬಂತು. ಮನೆ ನೋಡುವಾಗ ಇಷ್ಟು ಗೊತ್ತಿದ್ದರೆ ಖಾಲಿ ಕೋಣೆಗಳೂ ಮಾತಾಡುತ್ತವೆ.

1947ರಲ್ಲಿ ಏಳನೆಯ ಡ್ಯೂಕ್ ಮನೆಯನ್ನು ದೇಶಕ್ಕೆ ಬಿಟ್ಟುಕೊಟ್ಟ. ಈಗ ನೋಡಿಕೊಳ್ಳುವುದು ಹಳೆಯ ಕಟ್ಟಡಗಳ ಉಸ್ತುವಾರಿಯ ಸಂಸ್ಥೆ ಇಂಗ್ಲಿಷ್ ಹೆರಿಟೇಜ್, ಒಂದು ಭಾಗದಲ್ಲಿ ಆ ಕುಟುಂಬ ಇನ್ನೂ ಇದೆ. ವಾರದ ಎಲ್ಲಾ ದಿನ ತೆರೆದಿರುವುದಿಲ್ಲ, ಚಳಿಗಾಲದಲ್ಲಿ ಇನ್ನೂ ಕಡಿಮೆ, ಮೊದಲೇ ನೋಡಿಕೊಂಡು ಹೋಗಿ. ಇಂಗ್ಲಿಷ್ ಹೆರಿಟೇಜ್ ಸದಸ್ಯರಿಗೆ ಟಿಕೆಟ್ ಬೇಡ. ಪುಟ್ಟ ಮಕ್ಕಳಿಗೆ ಬೇಜಾರಾಗುತ್ತದೆ, ಅವರನ್ನು ಪಕ್ಕದ ಹೈಡ್ ಪಾರ್ಕಿನಲ್ಲಿ ಆಡಲು ಬಿಟ್ಟು ದೊಡ್ಡವರು ಸರದಿಯಲ್ಲಿ ಒಳಗೆ ಹೋಗಬಹುದು. ಬಕಿಂಗ್‌ಹ್ಯಾಮ್ ಜೊತೆ ಒಂದೇ ದಿನಕ್ಕೆ ತುರುಕಬೇಡಿ, ಇದಕ್ಕೇ ಅರ್ಧ ದಿನ ಇಟ್ಟುಕೊಳ್ಳಿ.