ಕಾರ್ಯಾಗಾರವೋ, ಕೈಪಿಡಿಯೋ?

ಹಿಂಸಾತ್ಮಕ ಉಗ್ರವಾದದ ವರದಿಗಾರಿಕೆಯಲ್ಲಿ ಕಿರಿಯರನ್ನು ಪಳಗಿಸಲು ಕಾರ್ಯಾಗಾರ ನಡೆಸುವುದೋ, ಯುನೆಸ್ಕೋ 2017ರಲ್ಲಿ ಹೊರತಂದ ಕೈಪಿಡಿಯನ್ನು ಓದಿಸುವುದೋ ಎಂದು ಮುಂಬಯಿಯ ಕನ್ನಡ ಪತ್ರಕರ್ತ ಮಿತ್ರರೊಬ್ಬರು ಕೇಳಿದ್ದಾರೆ. ಖರ್ಚಿನಲ್ಲಿ ಕೈಪಿಡಿಯೇ ಹಗುರ, ಅದು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಇಂಗ್ಲಿಷ್ ಓದು ಮಾತ್ರ ಸಲೀಸಾಗಿರಬೇಕು.

ಆದರೆ ಗಡಿಬಿಡಿಯ ರಾತ್ರಿಯ ತೀರ್ಮಾನಗಳನ್ನು ಪುಸ್ತಕ ಅಷ್ಟಾಗಿ ಕಲಿಸದು. 2008ರ ನವೆಂಬರ್ 26ರ ಮುಂಬಯಿ ದಾಳಿಯ ವೇಳೆ ಭದ್ರತಾ ಪಡೆಗಳ ಚಲನವಲನ ನೇರ ಪ್ರಸಾರವಾಗಿ, ಗಡಿಯಾಚೆಯ ಸೂತ್ರಧಾರರೂ ಅದನ್ನು ನೋಡುವಂತಾದದ್ದನ್ನು ಸುಪ್ರೀಂ ಕೋರ್ಟ್ 2012ರ ತೀರ್ಪಿನಲ್ಲಿ ಕಟುವಾಗಿ ಟೀಕಿಸಿತು. ಅಂಥ ಗಳಿಗೆಯಲ್ಲಿ ಯಾವ ಚಿತ್ರವನ್ನು ತಡೆಹಿಡಿಯಬೇಕು, ‘ಉಗ್ರ’ ಎಂಬ ಪದವನ್ನು ಯಾರಿಗೆ ಬಳಸಬೇಕು ಎಂಬುದನ್ನು ಎದುರುಬದುರು ಕುಳಿತು ವಾದಿಸಿಯೇ ಕಲಿಯಬೇಕು.

ಕಾರ್ಯಾಗಾರದ ಕಾವು ಬೇಗ ಆರುತ್ತದೆ, ಕೈಪಿಡಿ ಮೇಜಿನ ಮೇಲೆ ಉಳಿಯುತ್ತದೆ (ತೆರೆದು ನೋಡಿದರೆ!). ಸ್ಥಳಕ್ಕೆ ಓಡುವ ವರದಿಗಾರರಿರುವ ಬಳಗಕ್ಕೆ ಕಾರ್ಯಾಗಾರವೂ, ಇಬ್ಬರು ಮೂವರೇ ಪುಟ ಕಟ್ಟುವ ಕಚೇರಿಗೆ ವಾರಕ್ಕೊಂದು ಅಧ್ಯಾಯದ ಓದೂ ಹೊಂದುತ್ತದೆ.