ಎಲ್‌ಕೆಜಿ ತರಗತಿಯಲ್ಲಿ ಒಂದು ವಾರ: ಪೋಷಕರೊಬ್ಬರ ವಿಮರ್ಶೆ

ಮೈಸೂರಿನ ನಮ್ಮ ಬಡಾವಣೆಯ ಶಾಲೆಯೊಂದರ ಎಲ್‌ಕೆಜಿಗೆ ಮಗಳನ್ನು ಸೇರಿಸಿದ ಮೇಲೆ, ಪೋಷಕರು ತರಗತಿಯಲ್ಲಿ ಕುಳಿತು ನೋಡಬಹುದೆಂದು ತಿಳಿಸಿದ್ದ ವಾರವನ್ನು ನಾನು ಪೂರ್ತಿಯಾಗಿ ಬಳಸಿಕೊಂಡೆ. ಆ ವಾರದ ವಿಷಯ ‘ಬೀಜ’. ಸೋಮವಾರ ಮಕ್ಕಳು ಒದ್ದೆ ಹತ್ತಿಯ ಮೇಲೆ ನೆನೆಸಿದ ಹೆಸರುಕಾಳನ್ನಿಟ್ಟು, ಮರುದಿನದಿಂದ ಮೊಳಕೆಯ ಉದ್ದಕ್ಕೆ ಸರಿಯಾಗಿ ದಾರ ಕತ್ತರಿಸಿ, ಆ ತುಂಡುಗಳನ್ನು ದಿನವಾರು ಹಾಳೆಗೆ ಅಂಟಿಸುತ್ತಾ ಹೋದರು; ಅಂಕಿ ಬರೆಯಲು ಬಾರದ ಮಗುವಿಗೂ ಗುರುವಾರದ ದಾರ ಬುಧವಾರದ್ದಕ್ಕಿಂತ ಉದ್ದವೆಂಬುದು ಕಣ್ಣಿಗೇ ಕಾಣುತ್ತಿತ್ತು. ಅಳತೆಯ ಪಾಠವನ್ನು ಇದಕ್ಕಿಂತ ಸೊಗಸಾಗಿ ಹೇಳಿಕೊಡುವುದು ಕಷ್ಟ. ಅವರೆ, ಹುರುಳಿ, ಹುಣಸೆಬೀಜಗಳನ್ನು ಬೇರ್ಪಡಿಸುವ ಆಟವೂ ಚೆನ್ನಾಗಿತ್ತು. ಹೆಬ್ಬೆರಳು ಮತ್ತು ತೋರುಬೆರಳಿನಿಂದ ಕಾಳು ಹೆಕ್ಕುವ ಅಭ್ಯಾಸವೇ ಮುಂದೆ ಪೆನ್ಸಿಲ್ ಹಿಡಿಯಲು ನೆರವಾಗುತ್ತದೆ. (ನಾಲ್ಕು ಹುಣಸೆಬೀಜ ನಮ್ಮ ಮನೆಗೂ ಬಂದವು, ಮಗಳ ಜೇಬಿನಲ್ಲಿ.) ಚಿತ್ರಕಲೆ, ಕಥೆಗಳ ಅವಧಿಯಲ್ಲಿ ವಿಶೇಷವೇನಿರಲಿಲ್ಲ.

ನಿರಾಸೆಯಾದದ್ದು ಶುಕ್ರವಾರ. 3ರಿಂದ 8 ವರ್ಷದವರೆಗಿನ ಬುನಾದಿ ಹಂತದಲ್ಲಿ ಆಟ ಹಾಗೂ ಚಟುವಟಿಕೆಯ ಮೂಲಕವೇ ಕಲಿಕೆ ನಡೆಯಬೇಕೆಂಬ 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಆಶಯವನ್ನು ತನ್ನ ಕರಪತ್ರದಲ್ಲಿ ಅಚ್ಚು ಹಾಕಿಸಿರುವ ಶಾಲೆ, ನಾಲ್ಕು ವರ್ಷದ ಮಕ್ಕಳನ್ನು 40 ನಿಮಿಷ ಅಕ್ಷರ ತಿದ್ದಲು ಕೂರಿಸಿತು. “ಮಿಸ್, ನನ್ನ ಕಾಳಿಗೆ ಬಾಲ ಬಂದಿದೆ!” ಎಂದು ಓಡಿಬಂದ ಹುಡುಗನಿಗೆ ಅದನ್ನೇ ಇಂಗ್ಲಿಷಿನಲ್ಲಿ ಹೇಳುವಂತೆ ಸೂಚಿಸಲಾಯಿತು. ಅವನು ಬಟ್ಟಲನ್ನು ಕಿಟಕಿಯ ಬಳಿ ಇಟ್ಟು, ಸುಮ್ಮನೆ ತನ್ನ ಜಾಗಕ್ಕೆ ಮರಳಿದ.