ಫೈಬರ್ ಪುಟ್ಟಿಗೆ ಯಾವ ಕೀಲಿ? ಸರಪಳಿ, ವೈರ್ ರೋಪ್, ಗೂಟ: ಹಾಕಿ ನೋಡಿದ ಹೋಲಿಕೆ

ಬೀದರಿನ ಕಾರಂಜಾ ಜಲಾಶಯವಿರಲಿ, ಕಲಬುರಗಿ, ಯಾದಗಿರಿಯ ಭೀಮಾ ದಂಡೆಯಿರಲಿ, ಮೀನು ಹಿಡಿಯುವವರಿಗೆ ಫೈಬರ್ ಪುಟ್ಟಿಯಿಂದ, ಎಂದರೆ ದುಂಡನೆಯ ಹರಿಗೋಲಿನಿಂದ, ಆದ ಅನುಕೂಲ ದೊಡ್ಡದು. ಬಿದಿರಿನ ಪುಟ್ಟಿಯ ಹಾಗೆ ಕೊಳೆಯುವುದಿಲ್ಲ, ಡಾಂಬರು ಬಳಿಯುವ ಕೆಲಸವಿಲ್ಲ. ಆದರೆ ಇಬ್ಬರು ಸೇರಿ ರಾತ್ರೋರಾತ್ರಿ ಟಂಟಂ ಆಟೋ ಮೇಲೆ ಹೇರಿಕೊಂಡು ಹೋಗುವಷ್ಟು ಹಗುರ. ಕೀಲಿ ಹಾಕೋಣವೆಂದರೆ ಹಾಕಲು ಗಟ್ಟಿ ಜಾಗವೇ ಇಲ್ಲ. ಕಡಲಿನಲ್ಲಿ ವಿಂಡ್‌ಸರ್ಫಿಂಗ್ ಹಲಗೆ ಓಡಿಸುವವರಿಗೂ ಇದೇ ತಾಪತ್ರಯ. ಅವರಿಗಾದರೆ ಹಾಯಿಕಂಬ ಕೂಡಿಸುವ ಸೀಳು ಇರುತ್ತದೆ, ಅದಕ್ಕೇ ಬೋಲ್ಟ್ ಬಿಗಿದು ಕೀಲಿಯ ಪಟ್ಟಿ ಕೂರಿಸಬಹುದು. ಪುಟ್ಟಿಗೆ ಅದೂ ಇಲ್ಲ, ಕೀಲಿ ಸಿಕ್ಕಿಸುವ ಬಳೆಯನ್ನು, ಎಂದರೆ ಕಿವಿಯನ್ನು, ನಾವೇ ಕೂರಿಸಬೇಕು.

ಹಾಗಾಗಿ ಹೋಲಿಕೆಯನ್ನು ಕಿವಿಯಿಂದಲೇ ಶುರು ಮಾಡುವುದು ಸರಿ. ಅಂಚಿನಲ್ಲಿ ಹಗ್ಗಕ್ಕೆಂದು ಕೊರೆದ ತೂತಿಗೆ ಎಂಥ ಕೀಲಿ ಸಿಕ್ಕಿಸಿದರೂ ದಂಡ. ಕಳ್ಳ ಕೀಲಿಯನ್ನು ಮುಟ್ಟುವುದೇ ಇಲ್ಲ, ಹ್ಯಾಕ್ಸಾ ಬ್ಲೇಡಿನಿಂದ ಫೈಬರ್ ಕೊಯ್ದು ಬಿಡಿಸಿಕೊಳ್ಳುತ್ತಾನೆ. ತಲೆಯಲ್ಲಿ ಬಳೆಯಿರುವ ಒಂಟಿ ಕಾಲಿನ ಐ-ಬೋಲ್ಟ್ ಅದಕ್ಕಿಂತ ವಾಸಿ, ಆದರೆ ಬಳೆಯೊಳಗೆ ಸರಳು ತೂರಿಸಿ ತಿರುಗಿಸಿದರೆ ಸಡಿಲಾಗುತ್ತದೆ, ಸುತ್ತಲಿನ ಫೈಬರೂ ಬಿರುಕು ಬಿಡುತ್ತದೆ. ನಿಲ್ಲುವುದು ಯು-ಬೋಲ್ಟ್. ಎರಡು ಕಾಲು ಇರುವುದರಿಂದ ತಿರುಗುವ ಪ್ರಶ್ನೆಯೇ ಇಲ್ಲ.

10 ಎಂಎಂ ದಪ್ಪದ, 304 ದರ್ಜೆಯ ಸ್ಟೇನ್‌ಲೆಸ್ ಯು-ಬೋಲ್ಟ್ ತನ್ನಿ. ಒಳಗೊಂದು ಹೊರಗೊಂದು 4 ಎಂಎಂ ದಪ್ಪ, 100×75 ಎಂಎಂ ಅಳತೆಯ ಪ್ಲೇಟ್ ಬೇಕು. ಪ್ಲೇಟ್ ಇಲ್ಲದಿದ್ದರೆ ಎಳೆತವೆಲ್ಲ ಎರಡು ತೂತಿನ ಮೇಲೆ ಬಿದ್ದು ಫೈಬರ್ ಹರಿಯುತ್ತದೆ. ಜಾಗ, ಅಂಚಿನಿಂದ ನಾಲ್ಕು ಬೆರಳು ಕೆಳಗೆ. ಬಲೆ, ಮೀನು, ಆಳು ತುಂಬಿದಾಗಲೂ ನೀರಿಗೆ ಮೇಲಿರಬೇಕು. ನಯವಾದ ಹೊರಮೈಗೆ ಟೇಪ್ ಅಂಟಿಸಿ ಹೊರಗಿನಿಂದಲೇ ಡ್ರಿಲ್ ಮಾಡಿ, ಇಲ್ಲವಾದರೆ ಮೇಲ್ಪದರ ಚಕ್ಕೆ ಏಳುತ್ತದೆ. ತೂತಿಗೆ ಪಾಲಿಯುರೆಥೇನ್ ಸೀಲಂಟ್ ತುಂಬಿ. ಬಾತ್‌ರೂಮಿಗೆ ಹಚ್ಚುವ ಸಿಲಿಕೋನ್ ಬೇಡ, ಅದು ತಾಗಿದ ಕಡೆ ಆಮೇಲೆ ಹಚ್ಚುವ ರಾಳ (ರೆಸಿನ್) ಹಿಡಿಯುವುದಿಲ್ಲ. ನಟ್ಟು ಬಿಗಿದ ಮೇಲೆ ಎರಡು ಸುತ್ತು ಎಳೆ ಬಿಟ್ಟು ಉಳಿದದ್ದನ್ನು ಕತ್ತರಿಸಿ, ತುದಿಯನ್ನು ಸುತ್ತಿಗೆಯಿಂದ ಬಡಿದು ಅಗಲ ಮಾಡಿ. ಆಮೇಲೆ ಪಾನಾ ಹಾಕಿದರೂ ನಟ್ಟು ಹೊರಬರುವುದಿಲ್ಲ.

ಅದರ ಮೇಲೆ 450 ಜಿಎಸ್‌ಎಂ (ಚದರ ಮೀಟರಿಗೆ 450 ಗ್ರಾಂ) ಗ್ಲಾಸ್ ಮ್ಯಾಟ್, ಎಂದರೆ ಗಾಜಿನ ನಾರಿನ ಹಾಸು, ಎರಡು ಪದರ. ಮೊದಲು 80 ನಂಬರಿನ ಉಸುಕು ಕಾಗದದಿಂದ ತಿಕ್ಕಿ, ಒಣಗಿಸಿ. ತೇವವಿದ್ದರೆ ಪದರ ಹಾಳೆಯಂತೆ ಬಿಟ್ಟುಬರುತ್ತದೆ. ಕಾಲು ಕಿಲೋ ಪಾಲಿಯೆಸ್ಟರ್ ರಾಳಕ್ಕೆ ಅದನ್ನು ಗಟ್ಟಿ ಮಾಡುವ ಹಾರ್ಡನರ್ ಸುಮಾರು 4 ಎಂಎಲ್ ಸಾಕು. ಏಪ್ರಿಲ್, ಮೇ ಬಿಸಿಲಿನಲ್ಲಿ 2.5 ಎಂಎಲ್‌ಗೆ ಇಳಿಸಿ, ಇಲ್ಲವೆಂದರೆ ಮ್ಯಾಟ್ ನೆನೆಯುವ ಮೊದಲೇ ಡಬ್ಬಿಯಲ್ಲೇ ಗಟ್ಟಿಯಾಗುತ್ತದೆ. ಗಟ್ಟಿಯಾಗುವುದನ್ನು ಚುರುಕು ಮಾಡುವ ಕೋಬಾಲ್ಟ್ ದ್ರಾವಣವನ್ನು ಬೇರೆಯಾಗಿ ಕೊಟ್ಟಿದ್ದರೆ ಅದನ್ನು ಮೊದಲು ರಾಳಕ್ಕೆ ಪೂರ್ತಿ ಕಲಸಿ, ಹಾರ್ಡನರ್ ಆಮೇಲೆ. ಇವೆರಡನ್ನು ನೇರವಾಗಿ ಬೆರೆಸಿದರೆ ಬೆಂಕಿ ಹೊತ್ತಿ ಸಿಡಿಯಬಹುದು. ಇದೊಂದನ್ನು ಯಾರೂ ಮರೆಯಬಾರದು.

ಮ್ಯಾಟ್ ಹಾಕುವಾಗಲೇ ಹೆಸರು, ಊರು, ಮೊಬೈಲ್ ನಂಬರನ್ನು ತೆಳು ಕಾಗದದ ಮೇಲೆ ಪೆನ್ಸಿಲ್ಲಿನಲ್ಲಿ ಬರೆದು ಪದರದ ನಡುವೆ ಇಡಿ. ಕಾಗದ ರಾಳ ಕುಡಿದು ಕಾಣದಾಗುತ್ತದೆ, ಅಕ್ಷರ ಮಾತ್ರ ಉಳಿಯುತ್ತದೆ. ಮಾರ್ಕರ್ ಶಾಯಿ ರಾಳದಲ್ಲಿ ಕರಗಿ ಹರಡುತ್ತದೆ. ಮೇಲೆ ಬರೆದ ಬಣ್ಣವನ್ನು ಯಾರಾದರೂ ಕೆರೆಯಬಹುದು, ಒಳಗಿನ ಹೆಸರು ಅಳಿಸಬೇಕೆಂದರೆ ಪುಟ್ಟಿಯನ್ನೇ ಕೆಡಿಸಬೇಕು.

ಇನ್ನು ಸರಪಳಿಯೋ ವೈರ್ ರೋಪೋ? ತೂಕದಲ್ಲಿ ಅಜಗಜಾಂತರ. 8 ಎಂಎಂ ಸರಪಳಿ ಮೀಟರಿಗೆ ಸುಮಾರು 1.4 ಕಿಲೋ, 10 ಎಂಎಂ ವೈರ್ ರೋಪ್ ಸುಮಾರು 400 ಗ್ರಾಂ. 15 ಮೀಟರ್ ಬೇಕೆಂದರೆ ಒಂದು 21 ಕಿಲೋ, ಇನ್ನೊಂದು 6. ಪ್ಲಾಸ್ಟಿಕ್ ಹೊದಿಕೆಯ 6 ಎಂಎಂ ರೋಪ್ ಬೇಡವೇ ಬೇಡ. ಒಳ್ಳೆಯ ಕಟಿಂಗ್ ಪ್ಲೇಯರ್ ಇದ್ದವನು ಎಳೆ ಎಳೆಯಾಗಿ ಕತ್ತರಿಸುತ್ತಾನೆ, ಹೊದಿಕೆಯೊಳಗೆ ತುಕ್ಕು ಹಿಡಿದದ್ದು ಕಣ್ಣಿಗೂ ಕಾಣುವುದಿಲ್ಲ. 10 ಎಂಎಂ ರೋಪ್ ಸಣ್ಣ ಕಟರಿಗೆ ಜಗ್ಗದು, ಹ್ಯಾಕ್ಸಾಕ್ಕೆ ಎಳೆಗಳು ಅತ್ತಿತ್ತ ಜಾರಿ ಸತಾಯಿಸುತ್ತವೆ. ಆದರೆ ತುದಿಯ ಕುಣಿಕೆಗೆ ಬುಲ್‌ಡಾಗ್ ಕ್ಲಿಪ್ (ನಟ್ಟಿನಿಂದ ಬಿಗಿಯುವ ಹಿಡಿ) ಹಾಕಿದರೆ ಎಲ್ಲ ವ್ಯರ್ಥ, ಪಾನಾ ಒಂದಿದ್ದರೆ ಬಿಚ್ಚಿಹೋಯಿತು. ಒತ್ತಿ ಕೂರಿಸಿದ ಲೋಹದ ಕೊಳವೆ (ಫೆರೂಲ್) ಇರುವುದನ್ನೇ ಮಾಡಿಸಿಕೊಳ್ಳಿ.

ಸರಪಳಿಯಲ್ಲಿ ಸಾದಾ ಕಬ್ಬಿಣದ್ದು 24 ಇಂಚಿನ ಬೋಲ್ಟ್ ಕಟರಿಗೆ ತುಂಡಾಗುತ್ತದೆ. ಹದ ಕೊಟ್ಟು ಗಟ್ಟಿ ಮಾಡಿದ ಸರಪಳಿ ಬಹಳ ಹೊತ್ತು ತಡೆಯುತ್ತದೆ. ಹದದ ಸರಪಳಿಗೆ ಬಳೆ ವೆಲ್ಡ್ ಮಾಡಿಸಬೇಡಿ, ಕಾದ ಕೊಂಡಿ ಮೆತ್ತಗಾಗಿ ಅಲ್ಲೇ ತುಂಡಾಗುತ್ತದೆ. ನೆಲದ ಮೇಲೆ ಸರಪಳಿ ಬಿದ್ದಿದ್ದರೆ ಕಟರಿನ ಒಂದು ಹಿಡಿಕೆ ನೆಲಕ್ಕೂರಿ ಇನ್ನೊಂದರ ಮೇಲೆ ಮೈಭಾರ ಹಾಕುವುದು ಸುಲಭ. ಆದ್ದರಿಂದ ಗಿಡ್ಡವಾಗಿ, ಬಿಗಿಯಾಗಿ, ನೆಲ ತಾಗದಂತೆ ಕಟ್ಟಬೇಕು. ಅಂಗಡಿಗೆ ಹೋಗುವಾಗ ಸರಪಳಿಯ ತುಂಡೊಂದು ಜೊತೆಗಿರಲಿ. ದೊಡ್ಡ ಕೀಲಿಯ ಕೊಕ್ಕೆ 8 ಎಂಎಂ ಸರಪಳಿಯ ಕೊಂಡಿಯೊಳಗೆ ಎಷ್ಟೋ ಸಲ ಹೋಗುವುದೇ ಇಲ್ಲ.

ಕೀಲಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಿತ್ತಾಳೆ ಮೈಯ ಲಿವರ್ ಕೀಲಿ ಮಳೆಗಾಲ ತಾಳುತ್ತದೆ, ಕಬ್ಬಿಣದ ಅಗ್ಗದ ಕೀಲಿ ತಾಳುವುದಿಲ್ಲ. ಎಣ್ಣೆ ಬಿಟ್ಟರೆ ಕೆಸರು, ಧೂಳು ಸೇರಿ ಒಳಗೆ ಅಂಟಾಗುತ್ತದೆ, ಗ್ರಾಫೈಟ್ ಪುಡಿ ಊದಿ.

ನಮ್ಮ ಕಡೆ ಹೆಚ್ಚು ಸೋಲುವುದು ನೆಲದ ಕಡೆಯ ತುದಿ. ಎರಿ ಮಣ್ಣಿನಲ್ಲಿ ಹೊಡೆದ ಗೂಟ ಮಳೆಗಾಲದಲ್ಲಿ ಮೆತ್ತಗಾಗುತ್ತದೆ, ಬೇಸಿಗೆಯಲ್ಲಿ ನೆಲ ಬಿರಿದಾಗ ಕೈಯಲ್ಲೇ ಅಲ್ಲಾಡುತ್ತದೆ. ಬಳ್ಳಾರಿ ಜಾಲಿಯ ಬೊಡ್ಡೆಗೆ ಕಟ್ಟಿದರೆ ಕೊಡಲಿ ಸಾಕು. ಶಹಾಬಾದ್ ಕಡೆಯ ಪದರುಗಲ್ಲಿಗೆ ಬೋಲ್ಟ್ ಕೂರಿಸಿದರೆ ಮೇಲಿನ ಪದರ ಚಪ್ಪಡಿಯಾಗಿ ಎದ್ದುಬರುತ್ತದೆ. ಯಾದಗಿರಿಯ ಗಟ್ಟಿ ಬಂಡೆಯಾದರೆ 16 ಎಂಎಂ ಬೋಲ್ಟನ್ನು 150 ಎಂಎಂ ಆಳಕ್ಕೆ ಎಪಾಕ್ಸಿ ಹಾಕಿ ಕೂರಿಸಬಹುದು, ಅದಕ್ಕೆ ಸಾಟಿಯಿಲ್ಲ. ಮಣ್ಣಿನ ದಂಡೆಗೆ ಉದ್ದ, ಅಗಲ, ಎತ್ತರ ಮೂರೂ ಅರ್ಧ ಮೀಟರ್ ಇರುವ ಕಾಂಕ್ರೀಟ್ ಗುಂಡು ಹೂಳಿ: ಸುಮಾರು 300 ಕಿಲೋ. ನೀರಿನಲ್ಲಿ ಮುಳುಗಿದರೆ ಅದೇ ಗುಂಡು 175 ಕಿಲೋದಷ್ಟೇ ತೂಗುತ್ತದೆ, ಅದಕ್ಕೆ ಹೂಳಲೇಬೇಕು.

ಜಲಾಶಯದಲ್ಲಿ ಬೇಸಿಗೆಗೆ ನೀರು ಬಹಳ ದೂರ ಸರಿಯುತ್ತದೆ, ಗುಂಡು ಹಿಂದೆ ಉಳಿಯುತ್ತದೆ. ಅಲ್ಲಿ ಉಳಿದೆಲ್ಲಕ್ಕಿಂತ ಒಳ್ಳೆಯದು ನಾಲ್ಕೈದು ಪುಟ್ಟಿಗಳನ್ನು ಬೋರಲು ಹಾಕಿ, ಒಂದರ ಮೇಲೊಂದು ಪೇರಿಸಿ, ಎಲ್ಲ ಕಿವಿಗಳಲ್ಲಿ ಒಂದೇ ಸರಪಳಿ ತೂರಿಸುವುದು. ಅಷ್ಟನ್ನೂ ಇಬ್ಬರು ಎತ್ತಲಾರರು. ಪ್ರತಿಯೊಬ್ಬರೂ ತಮ್ಮ ಕೀಲಿಯನ್ನು ಪಕ್ಕದವರ ಕೀಲಿಗೆ ಕೊಂಡಿಯಂತೆ ಸಿಕ್ಕಿಸಿದರೆ ಯಾರು ಮೊದಲು ಬಂದರೂ ತಮ್ಮದನ್ನು ತೆರೆದು ಸರಪಳಿ ಬಿಡಿಸಬಹುದು. ಒಂದೇ ಎಚ್ಚರಿಕೆ: ಆ ಸಾಲಿನಲ್ಲಿ ಒಬ್ಬರು ಅಗ್ಗದ ಕೀಲಿ ಹಾಕಿದರೂ ಎಲ್ಲರ ಪುಟ್ಟಿಗೂ ಅಷ್ಟೇ ಭದ್ರತೆ.

ಭೀಮಾ ದಂಡೆಯವರು ಇನ್ನೊಂದು ನೋಡಿಕೊಳ್ಳಬೇಕು. ಮಹಾರಾಷ್ಟ್ರದ ಉಜನಿ ಜಲಾಶಯದಿಂದ ನೀರು ಬಿಟ್ಟರೆ ಹೊಳೆ ಬೇಗ ಏರುತ್ತದೆ. ಗಿಡ್ಡ ಸರಪಳಿಯ ಪುಟ್ಟಿ ಏರಲಾರದೆ ವಾಲಿ, ನೀರು ತುಂಬಿ, ಕಿವಿಯ ಸುತ್ತಲಿನ ಫೈಬರ್ ಹರಿದುಹೋಗುತ್ತದೆ. ನೀರು ಬಿಡುವ ಸುದ್ದಿ ಬಂದ ದಿನವೇ ಕೀಲಿ ತೆಗೆದು ಪುಟ್ಟಿಯನ್ನು ಊರ ಕಡೆ ಹೊತ್ತು ತನ್ನಿ. ಎರಡನೇ ಕೀಲಿಕೈ ಮನೆಯಲ್ಲಿ ಇನ್ನೊಬ್ಬರ ಬಳಿ ಇರಲಿ.